ಹಲವು ಆಸ್ಪತ್ರೆಗಳ ಸಂಶೋಧನಾ ದತ್ತಾಂಶಕ್ಕೆ ಆಂಟಾಲಜಿ ಬೇಕೇ, ಹೊಂದಾಣಿಕೆ ಪಟ್ಟಿಯೊಂದೇ ಸಾಕೇ?

ಪ್ರಶ್ನೆ

ನಮಸ್ಕಾರ. ಮಧುಮೇಹದಿಂದ ಮೂತ್ರಪಿಂಡಕ್ಕೆ ಆಗುವ ಹಾನಿಯನ್ನು ಕುರಿತ ಅಧ್ಯಯನವೊಂದರಲ್ಲಿ ಸಂಖ್ಯಾಶಾಸ್ತ್ರದ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರು ಆಸ್ಪತ್ರೆಗಳ ಹಳೆಯ ದಾಖಲೆಗಳನ್ನು ಒಟ್ಟುಗೂಡಿಸಬೇಕು. ಒಂದರಲ್ಲಿ ರೋಗನಿರ್ಣಯಕ್ಕೆ ಐಸಿಡಿ-10 (ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ) ಕೋಡ್‌ಗಳಿವೆ. ಇನ್ನೊಂದು ತನ್ನದೇ ಆಂತರಿಕ ಕೋಡ್‌ಗಳನ್ನು ಬಳಸಿದೆ. ಮೂರನೆಯದರಲ್ಲಿ 'ಟೈಪ್ 2 ಡಿಎಂ, ನೆಫ್ರೋಪತಿ ಶಂಕೆ' (ಟೈಪ್ 2 ಮಧುಮೇಹ, ಮೂತ್ರಪಿಂಡಕ್ಕೆ ಹಾನಿಯ ಶಂಕೆ) ಎಂಬಂಥ ವೈದ್ಯರ ಟಿಪ್ಪಣಿಗಳಷ್ಟೇ ಇವೆ. ಪ್ರಯೋಗಾಲಯದ ವರದಿಗಳಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ಅಂದಾಜಿಸಲು ರಕ್ತದಲ್ಲಿ ಅಳೆಯುವ ವಸ್ತು) ಒಂದು ಕಡೆ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ಮತ್ತೊಂದು ಕಡೆ ಲೀಟರಿಗೆ ಮೈಕ್ರೊಮೋಲ್ ಲೆಕ್ಕದಲ್ಲಿದೆ.

ಎಲ್ಲ ಹೆಸರುಗಳನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದುಕೊಂಡು, ಎದುರಿಗೆ ನಮಗೆ ಬೇಕಾದ ಗುಂಪಿನ ಹೆಸರನ್ನು ಹಾಕಿಬಿಟ್ಟರೆ ಸಾಕೆಂದು ನಾನು ಅಂದುಕೊಂಡಿದ್ದೆ. ತಂಡದ ಹಿರಿಯರೊಬ್ಬರು ಸ್ನೋಮೆಡ್ ಸಿಟಿಯಂಥ ಆಂಟಾಲಜಿಗೆ, ಅಂದರೆ ವೈದ್ಯಕೀಯ ಪರಿಕಲ್ಪನೆಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಕೋಡ್‌ಗಳೊಂದಿಗೆ ದಾಖಲಿಸಿದ ವ್ಯವಸ್ಥೆಗೆ, ಹೊಂದಿಸಲೇಬೇಕು ಎನ್ನುತ್ತಿದ್ದಾರೆ. ಅದರಿಂದ ಸಂಶೋಧನೆಗೆ ನಿಜವಾಗಿ ಏನು ಲಾಭ, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಈ ಕೆಲಸ ಮಾಡಿದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮ ಹಿರಿಯರ ಮಾತು ಸರಿಯಾಗಿದೆ, ಅದಕ್ಕೆ ಕಾರಣ ನಿಮ್ಮ ಅಧ್ಯಯನದ ವಿಷಯದಲ್ಲಿಯೇ ಇದೆ. ಐಸಿಡಿ ಒಂದು ವರ್ಗೀಕರಣ. ಸಾವು ಮತ್ತು ರೋಗಗಳ ಅಂಕಿಅಂಶಕ್ಕಾಗಿ ಬೆಳೆದು ಬಂದದ್ದಾದ್ದರಿಂದ ಪ್ರತಿ ರೋಗಕ್ಕೂ ಅಲ್ಲಿ ಒಂದೇ ಮುಖ್ಯ ಸ್ಥಾನವಿರಬೇಕು, ಇಲ್ಲವಾದರೆ ಒಂದೇ ಪ್ರಕರಣ ಎರಡು ಕಡೆ ಎಣಿಕೆಯಾಗುತ್ತದೆ. ಈಗ ಮಧುಮೇಹಜನ್ಯ ಮೂತ್ರಪಿಂಡ ರೋಗವನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಟೈಪ್ 2 ರೋಗಿಗೆ ಇದರ ಕೋಡ್ ಇ11.2, ಅಂದರೆ ಅದು ಅಂತಃಸ್ರಾವ ರೋಗಗಳ ಅಧ್ಯಾಯದಲ್ಲಿದೆ. ಮೂತ್ರಪಿಂಡದ ಅಧ್ಯಾಯದಲ್ಲಿ ಇದಕ್ಕೆ ಜೋಡಿಯಾಗಿ ಎನ್08.3 ಎಂಬ ನಕ್ಷತ್ರ ಚಿಹ್ನೆಯ ಕೋಡ್ ಇದೆ, ಆದರೆ ಅದನ್ನು ಹೆಚ್ಚುವರಿಯಾಗಿ ನಮೂದಿಸುವುದು ಕೋಡ್ ಹಾಕುವವರ ಅಭ್ಯಾಸಕ್ಕೆ ಬಿಟ್ಟದ್ದು. ಮೂತ್ರಪಿಂಡ ರೋಗಿಗಳು ಬೇಕೆಂದು ಎನ್ ಅಕ್ಷರದ ಅಧ್ಯಾಯವನ್ನು ಮಾತ್ರ ಹುಡುಕಿದರೆ ನಿಮಗೆ ಅತ್ಯಂತ ಅಗತ್ಯವಾದ ರೋಗಿಗಳೇ ಕೈತಪ್ಪಿ ಹೋಗಬಹುದು.

ಸ್ನೋಮೆಡ್ ಸಿಟಿಯಲ್ಲಿ ಒಂದು ಪರಿಕಲ್ಪನೆಗೆ ಹಲವು ಮೇಲ್ವರ್ಗಗಳಿರಬಹುದು. ಇದೇ ರೋಗ ಅಲ್ಲಿ ಮೂತ್ರಪಿಂಡ ರೋಗಗಳ ಕೆಳಗೂ ಮಧುಮೇಹದ ತೊಡಕುಗಳ ಕೆಳಗೂ ಇರುತ್ತದೆ. ಅಷ್ಟೇ ಅಲ್ಲದೆ, ರೋಗ ಇರುವ ಅಂಗ ಮೂತ್ರಪಿಂಡ, ಅದಕ್ಕೆ ಕಾರಣ ಮಧುಮೇಹ ಎಂಬ ಸಂಬಂಧಗಳನ್ನು ಯಂತ್ರ ಓದಬಲ್ಲ ತಾರ್ಕಿಕ ರೂಪದಲ್ಲಿ ಬರೆದಿರುತ್ತಾರೆ, ಆ ಸಂಬಂಧಗಳಿಂದಲೇ ಮೇಲ್ವರ್ಗ-ಕೆಳವರ್ಗಗಳ ಶ್ರೇಣಿಯ ಬಹುಭಾಗ ಲೆಕ್ಕಾಚಾರದ ಮೂಲಕ ಸಿದ್ಧವಾಗುತ್ತದೆ. ನಿಮ್ಮ ಎಕ್ಸೆಲ್ ಹಾಳೆ ಇವತ್ತಿನ ಒಂದು ಪ್ರಶ್ನೆಗೆ ಉತ್ತರ ಕೊಟ್ಟೀತು. ನಾಳೆ ಯಾರಾದರೂ ಅದೇ ದತ್ತಾಂಶದಲ್ಲಿ ಮಧುಮೇಹದ ಕಣ್ಣಿನ ತೊಡಕುಗಳನ್ನೋ ಮೂತ್ರಪಿಂಡದ ಉಳಿದ ರೋಗಗಳನ್ನೋ ಕೇಳಿದರೆ ಹಾಳೆಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

ಉತ್ತರ 2

ನಾನು ವೈದ್ಯೆ, ಸಂಶೋಧನಾ ದಾಖಲೆಗಳ ಪರಿಶೀಲನೆಯಲ್ಲಿಯೂ ತೊಡಗಿದ್ದೇನೆ. ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಶ್ರೇಣಿಯಲ್ಲಿ ಮೇಲಿರುವ 'ಮಧುಮೇಹ' ಎಂಬ ಪರಿಕಲ್ಪನೆಯನ್ನು ಆರಿಸಿ, ಅದರ ಕೆಳಗಿರುವುದೆಲ್ಲವನ್ನೂ ಕಣ್ಣು ಮುಚ್ಚಿ ಸೇರಿಸಿಕೊಳ್ಳುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಸ್ನೋಮೆಡ್‌ನಲ್ಲಿ ಗರ್ಭಾವಸ್ಥೆಯ ಮಧುಮೇಹವೂ ಆ ಪರಿಕಲ್ಪನೆಯ ಕೆಳಗೇ ಬರುತ್ತದೆ. ಔಷಧಗಳಿಂದ ಉಂಟಾದ ಮಧುಮೇಹವೂ ಬರುತ್ತದೆ. ಐಸಿಡಿ-10ರಲ್ಲಿ ಇ10ರಿಂದ ಇ14ರವರೆಗಿನ ಕೋಡ್‌ಗಳನ್ನು ತೆಗೆದುಕೊಂಡರೆ ಗರ್ಭಾವಸ್ಥೆಯ ಮಧುಮೇಹ ಸಿಗುವುದೇ ಇಲ್ಲ, ಏಕೆಂದರೆ ಅದು ಹೆರಿಗೆಗೆ ಸಂಬಂಧಿಸಿದ ಅಧ್ಯಾಯದಲ್ಲಿ ಓ24 ಆಗಿದೆ. ಹಾಗಾಗಿ ನಿಮ್ಮ ಮೊದಲನೆಯ ಆಸ್ಪತ್ರೆಯಿಂದ ಒಂದು ಬಗೆಯ ರೋಗಿಗಳೂ ಉಳಿದೆರಡರಿಂದ ಮತ್ತೊಂದು ಬಗೆಯ ರೋಗಿಗಳೂ ಬಂದು ಸೇರುತ್ತಾರೆ, ಆ ವ್ಯತ್ಯಾಸ ಆಸ್ಪತ್ರೆಗಳ ನಡುವಿನ ವ್ಯತ್ಯಾಸವೆಂಬಂತೆ ಫಲಿತಾಂಶದಲ್ಲಿ ಕಾಣಿಸಿಕೊಳ್ಳುತ್ತದೆ. ಯಾವುದು ಒಳಗೆ, ಯಾವುದು ಹೊರಗೆ ಎಂಬುದು ವೈದ್ಯಕೀಯ ತೀರ್ಮಾನ. ಅದನ್ನು ನಿಮ್ಮ ತಂಡವೇ ಮಾಡಬೇಕು, ಆರಿಸಿದ ಪರಿಕಲ್ಪನೆಗಳ ಪೂರ್ಣ ಪಟ್ಟಿಯನ್ನು ಪ್ರಬಂಧದ ಜೊತೆಗೆ ಪ್ರಕಟಿಸಬೇಕು.

ಮೂರನೆಯ ಆಸ್ಪತ್ರೆಯ ಟಿಪ್ಪಣಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 'ನೆಫ್ರೋಪತಿ ಶಂಕೆ', 'ನೆಫ್ರೋಪತಿ ಇಲ್ಲ', 'ತಾಯಿಗೆ ಮಧುಮೇಹವಿತ್ತು' ಎಂಬ ಮೂರರಲ್ಲಿಯೂ ರೋಗದ ಹೆಸರಿದೆ, ಆದರೆ ಒಂದರಲ್ಲಿಯೂ ಆ ರೋಗಿಗೆ ರೋಗವಿದೆ ಎಂಬ ಹೇಳಿಕೆಯಿಲ್ಲ. ಕುಟುಂಬದ ಇತಿಹಾಸವನ್ನು ಸ್ನೋಮೆಡ್ ರೋಗಗಳ ಶ್ರೇಣಿಯಲ್ಲಿ ಇಡದೆ 'ಸಂದರ್ಭ' ಎಂಬ ಪ್ರತ್ಯೇಕ ಶ್ರೇಣಿಯಲ್ಲಿ ಇಟ್ಟಿರುವುದು ಇದಕ್ಕಾಗಿಯೇ. ಹೆಸರನ್ನು ಮಾತ್ರ ಹುಡುಕಿ ಹೊಂದಿಸುವ ತಂತ್ರಾಂಶ ಈ ಭೇದವನ್ನು ಅಳಿಸಿಹಾಕುತ್ತದೆ. ನನ್ನ ಸಲಹೆಯೆಂದರೆ, ಪದೇಪದೇ ಬರುವ ಪದಗುಚ್ಛಗಳನ್ನು ಎಷ್ಟು ಬಾರಿ ಬರುತ್ತವೆ ಎಂಬ ಕ್ರಮದಲ್ಲಿ ಪಟ್ಟಿ ಮಾಡಿ, ಇಬ್ಬರು ಒಬ್ಬರನ್ನೊಬ್ಬರು ನೋಡದೆ ಹೊಂದಿಸಲಿ, ಭಿನ್ನಾಭಿಪ್ರಾಯ ಬಂದ ಕಡೆ ಮೂರನೆಯ ವೈದ್ಯರು ತೀರ್ಮಾನಿಸಲಿ.

ರೋಗದ ಕೋಡ್ ಇಲ್ಲದವರಿಗೆ ರೋಗವಿಲ್ಲವೆಂದು ದಯವಿಟ್ಟು ಭಾವಿಸಬೇಡಿ. ಮೂತ್ರಪಿಂಡದ ಸೋಸುವಿಕೆಯ ಅಂದಾಜು ದರ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗೆ 3 ತಿಂಗಳಿಗೂ ಹೆಚ್ಚು ಕಾಲ ಉಳಿದಿದ್ದರೆ, ಟಿಪ್ಪಣಿಯಲ್ಲಿ ಯಾರೂ ಬರೆಯದಿದ್ದರೂ ಅದು ದೀರ್ಘಕಾಲೀನ ಮೂತ್ರಪಿಂಡ ರೋಗವೇ. ನಿಮ್ಮ ಪ್ರಯೋಗಾಲಯದ ಮೌಲ್ಯಗಳು ರೋಗನಿರ್ಣಯದ ಕಾಲಂಗಿಂತ ಹೆಚ್ಚು ವಿಶ್ವಾಸಾರ್ಹವಾಗಿರುವ ಸಾಧ್ಯತೆ ಇದೆ.

ಉತ್ತರ 3

ಪ್ರಯೋಗಾಲಯದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಪರೀಕ್ಷೆಗಳಿಗೆ ಲಾಯಿಂಕ್ ಎಂಬ ಕೋಡ್ ವ್ಯವಸ್ಥೆಯನ್ನು ಬಳಸಿ. ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಅಳೆಯುವ ವಸ್ತು, ಅಳತೆಯ ಗುಣ, ಕಾಲ, ಮಾದರಿ, ಮಾಪನದ ಬಗೆ, ವಿಧಾನ ಎಂಬ ಆರು ಅಂಶಗಳನ್ನು ಕೂಡಿಸಿ ಕೋಡ್ ಕೊಡುತ್ತಾರೆ. ಅದರಿಂದ ರಕ್ತದ ಕ್ರಿಯಾಟಿನಿನ್ ತೂಕದ ಲೆಕ್ಕದಲ್ಲಿದ್ದರೆ 2160-0, ಮೋಲ್ ಲೆಕ್ಕದಲ್ಲಿದ್ದರೆ 14682-9. ಕೋಡ್ ಹಾಕಿದ ಮಾತ್ರಕ್ಕೆ ಇವೆರಡೂ ಒಂದಾಗುವುದಿಲ್ಲ. ಮಿಲಿಗ್ರಾಂ ಲೆಕ್ಕದ ಸಂಖ್ಯೆಯನ್ನು 88.4ರಿಂದ ಗುಣಿಸಿ ನೀವೇ ಒಂದು ಮಾನಕ್ಕೆ ತರಬೇಕು. ಎಚ್‌ಬಿಎ1ಸಿಯಲ್ಲಿ (ಕೆಲವು ತಿಂಗಳ ಸರಾಸರಿ ರಕ್ತಸಕ್ಕರೆಯನ್ನು ತೋರಿಸುವ ಪರೀಕ್ಷೆ) ವಿಧಾನ ನಮೂದಿಸದ ಕೋಡ್ 4548-4, ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯ ವಿಧಾನದ್ದು 17856-6. ನಿಮ್ಮ ಅಧ್ಯಯನಕ್ಕೆ ಎರಡೂ ಒಂದೇ ಎಂದು ತೀರ್ಮಾನಿಸಿದರೆ ಎರಡನ್ನೂ ಒಂದು ಗುಂಪಿಗೆ ಸೇರಿಸಿ, ಆದರೆ ಮೂಲ ಕೋಡನ್ನು ಅಳಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಗರ್ಭಾವಸ್ಥೆಯ ಮಧುಮೇಹದ ವಿಷಯವನ್ನು ಓದಿದ ಮೇಲೆ ನಮ್ಮ ಸೇರ್ಪಡೆಯ ನಿಯಮಗಳನ್ನೇ ಮತ್ತೆ ಬರೆಯಬೇಕೆಂದು ತಂಡಕ್ಕೆ ತಿಳಿಸಿದ್ದೇನೆ. ಇನ್ನೊಂದು ಸಂದೇಹವಿದೆ. ಇದೆಲ್ಲವನ್ನೂ ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕು? ಆಂಟಾಲಜಿಯ ಹೊಸ ಬಿಡುಗಡೆ ಬಂದಾಗ ನಮ್ಮ ಫಲಿತಾಂಶ ಬದಲಾಗುವುದೇ?

ಉತ್ತರ 4

ಬದಲಾಗಬಹುದು. ಸ್ನೋಮೆಡ್‌ನಲ್ಲಿ ಪರಿಕಲ್ಪನೆಗಳು ನಿಷ್ಕ್ರಿಯವಾಗುತ್ತವೆ, ಮೇಲ್ವರ್ಗಗಳು ಬದಲಾಗುತ್ತವೆ. ಹಳೆಯ ಸಂಖ್ಯೆಯನ್ನು ಅಳಿಸದೆ, ಬೇರೆ ಅರ್ಥಕ್ಕೂ ಕೊಡದೆ, ಅದರ ಬದಲಿಗೆ ಯಾವುದನ್ನು ಬಳಸಬೇಕೆಂಬ ಕೊಂಡಿಯನ್ನು ಬಹುತೇಕ ಕಡೆ ಇಟ್ಟಿರುತ್ತಾರೆ ಎಂಬುದೇ ಸಂಶೋಧಕರಿಗೆ ದೊಡ್ಡ ಆಸರೆ. ಹಾಗಿದ್ದರೂ ಯಾವ ದಿನಾಂಕದ ಬಿಡುಗಡೆಯನ್ನು ಬಳಸಿದಿರಿ ಎಂಬುದನ್ನು ಪ್ರಬಂಧದಲ್ಲಿ ಬರೆಯದಿದ್ದರೆ ನಿಮ್ಮ ಕೆಲಸವನ್ನು ಇನ್ನೊಬ್ಬರು ಪುನರಾವರ್ತಿಸುವುದು ಕಷ್ಟ.

ರೂಪಕ್ಕೆ ಸಂಬಂಧಿಸಿದಂತೆ, ಓಹ್‌ಡಿಸಿ ಎಂಬ ಸಂಶೋಧಕರ ಸಮುದಾಯ ನಿರ್ವಹಿಸುವ, ಹಲವು ಮೂಲಗಳ ಆರೋಗ್ಯ ದಾಖಲೆಗಳನ್ನು ಒಂದೇ ಬಗೆಯ ಕೋಷ್ಟಕಗಳಲ್ಲಿ ಇಡುವ ಓಮಾಪ್ ಎಂಬ ದತ್ತಾಂಶ ಮಾದರಿಯನ್ನು ನೋಡಿ. ರೋಗಗಳಿಗೆ ಮುಖ್ಯವಾಗಿ ಸ್ನೋಮೆಡ್, ಅಳತೆಗಳಿಗೆ ಲಾಯಿಂಕ್, ಔಷಧಗಳಿಗೆ ಆರ್‌ಎಕ್ಸ್‌ನಾರ್ಮ್ ಅಲ್ಲಿ ಪ್ರಮಾಣಿತ ಪರಿಕಲ್ಪನೆಗಳಾಗಿವೆ. ಆಸ್ಪತ್ರೆಯ ಮೂಲ ಕೋಡ್ ಕೂಡ ಪಕ್ಕದ ಕಾಲಂನಲ್ಲಿ ಹಾಗೆಯೇ ಉಳಿಯುತ್ತದೆ, ಪೂರ್ವಜ-ವಂಶಜ ಸಂಬಂಧಗಳು ಮೊದಲೇ ಲೆಕ್ಕಹಾಕಿದ ಕೋಷ್ಟಕದಲ್ಲಿ ಸಿಗುತ್ತವೆ. ಐಸಿಡಿ-10ರಿಂದ ಸ್ನೋಮೆಡ್‌ಗೆ ಹೊಂದಾಣಿಕೆಯೂ ಸಿದ್ಧವಿದೆಯಾದ್ದರಿಂದ ಮೊದಲನೆಯ ಆಸ್ಪತ್ರೆಯ ಕೆಲಸ ಬೇಗ ಮುಗಿಯುತ್ತದೆ. ಮೂರೇ ಆಸ್ಪತ್ರೆಗಳಿಗೆ ಇದು ಹೆಚ್ಚಾಯಿತೆನಿಸಿದರೆ ನಿಮ್ಮ ಎಕ್ಸೆಲ್ ಹಾಳೆಯನ್ನೇ ಮುಂದುವರಿಸಿ. ಆದರೆ ಮೂಲ ಪಠ್ಯ, ಪರಿಕಲ್ಪನೆಯ ಸಂಖ್ಯೆ, ಬಿಡುಗಡೆಯ ದಿನಾಂಕ, ಹೊಂದಾಣಿಕೆ ನಿಖರವೇ ಅಥವಾ ಹೆಚ್ಚು ವಿಶಾಲವಾದ ಪರಿಕಲ್ಪನೆಗೆ ಆದದ್ದೇ ಎಂಬ ಗುರುತು, ಮತ್ತು ಅದನ್ನು ಒಪ್ಪಿದವರು ಯಾರು ಎಂಬ ಕಾಲಂಗಳು ಅದರಲ್ಲಿ ಇರಲೇಬೇಕು. ಸ್ನೋಮೆಡ್ ಬಳಕೆಗೆ ಪರವಾನಗಿ ಬೇಕಾಗುತ್ತದೆ, ಅದನ್ನು ಈಗಲೇ ವಿಚಾರಿಸಿಕೊಳ್ಳಿ. ಹೊಸ ಬಿಡುಗಡೆಗೆ ಹೋಗುವುದಾದರೆ ಹಳೆಯ ಮತ್ತು ಹೊಸ ಬಿಡುಗಡೆಗಳೆರಡರಲ್ಲಿಯೂ ಒಂದೇ ಪ್ರಶ್ನೆಯನ್ನು ಓಡಿಸಿ, ಹೊಸದಾಗಿ ಸೇರಿದ ಮತ್ತು ಬಿಟ್ಟುಹೋದ ರೋಗಿಗಳ ದಾಖಲೆಗಳನ್ನು ವೈದ್ಯರಿಗೆ ತೋರಿಸಿದ ಬಳಿಕವೇ ಬದಲಾಯಿಸಿ.