ಫೈಬರ್ ಮೇಲಿನ ಬಾಟಲ್ ರೆಸೊನೇಟರ್: ಪಲ್ಸ್ ಒಮ್ಮೆ ಬರುವ ಬದಲು ಮತ್ತೆ ಮತ್ತೆ ಬರುತ್ತಿದೆ

ತೆಳುಟೇಪರ್: ಸಿಲಿಕಾ ಫೈಬರ್, ತ್ರಿಜ್ಯ 19 ಮೈಕ್ರಾನ್. ಮೇಲೆ ಬೆಳಕನ್ನು ಹಿಡಿದು ತಡಮಾಡುವ ಉಬ್ಬು, ಅದೇ ಬಾಟಲ್ ರೆಸೊನೇಟರ್: 3 ಮಿ.ಮೀ. ಉದ್ದದ ಅರ್ಧ ಪ್ಯಾರಾಬೋಲ (ಒಂದು ಅಂಚು ಕಡಿದು, ಇನ್ನೊಂದು ಕಡೆ ಇಳಿಜಾರು), ಎತ್ತರ 2.8 ನ್ಯಾನೊಮೀಟರ್, 2013ರಲ್ಲಿ ಭೌತವಿಜ್ಞಾನಿ ಸುಮೆತ್ಸ್ಕಿ ಕೊಟ್ಟ ಅಳತೆಗಳೇ. ಅಲ್ಲಿ 100 ಪಿಕೊಸೆಕೆಂಡ್ ಪಲ್ಸ್ 2.58 ನ್ಯಾನೊಸೆಕೆಂಡ್ ತಡವಾಗಿ ಹೊರಬಂದಿತ್ತು. ಇಲ್ಲಿ ತಡವೇ ಇಲ್ಲದೆ ಸೊನ್ನೆಯಲ್ಲೇ ದೊಡ್ಡ ಪಲ್ಸ್, ಆಮೇಲೆ 2.6, 5.2, 7.8 ನ್ಯಾನೊಸೆಕೆಂಡಿನಲ್ಲಿ ಕುಗ್ಗುತ್ತಾ ಹೋಗುವ ಮರಿ ಪಲ್ಸ್‌ಗಳು. ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಒಂದೇ ಅಗಲವಾದ ತಗ್ಗು. ಲೇಸರ್ ಹೊಡೆದು ಆಕಾರ ತಿದ್ದಬೇಕೇ?

ಅಕ್ಷಪಥ: ಫೈಬರ್ ಮುಟ್ಟಬೇಡಿ. ಮರಿ ಪಲ್ಸ್‌ಗಳು ಸಮ ಅಂತರದಲ್ಲಿವೆ. ಅವುಗಳ ಅಗಲವೂ ಹೆಚ್ಚದಿದ್ದರೆ ಪ್ಯಾರಾಬೋಲ ಸರಿಯಾಗಿಯೇ ಇದೆ. ಬೆಳಕು ಫೈಬರ್ ಸುತ್ತ ಗಿರಕಿ ಹೊಡೆಯುತ್ತಾ ಅಕ್ಷದುದ್ದಕ್ಕೆ ನಿಧಾನ ಸರಿಯುತ್ತದೆ: 6 ಮಿ.ಮೀ. ಹೋಗಿಬರಲು 2.6 ನ್ಯಾನೊಸೆಕೆಂಡ್, ಅಂದರೆ ನಿರ್ವಾತದ ವೇಗದ ಸುಮಾರು 130ರಲ್ಲಿ ಒಂದು ಪಾಲು. ತಪ್ಪಿರುವುದು ಕಪ್ಲಿಂಗ್, ಅಂದರೆ ಟೇಪರ್ (ಬೆಳಕನ್ನು ತಂದು ಒಯ್ಯುವ ತೆಳು ಫೈಬರ್) ಮತ್ತು ರೆಸೊನೇಟರ್ ನಡುವೆ ಬೆಳಕು ದಾಟುವ ರೀತಿ. ಒಳಹೋಗದ ಪಾಲು ಸೊನ್ನೆಯಲ್ಲಿ ಕಾಣುತ್ತಿದೆ. ಮೊದಲ ಸುತ್ತಿಗೇ ಹೊರಬರಬೇಕಾದ ಬೆಳಕು ಒಳಗೇ ಉಳಿದು ಮತ್ತೆ ಸುತ್ತುತ್ತಿದೆ.

ಅನಲೈಸರನ್ನು ನಂಬಬೇಡಿ. 1550 ನ್ಯಾನೊಮೀಟರ್ ಬಳಿ ನಿಮ್ಮ ಮೋಡ್‌ಗಳ (ರೆಸೊನೇಟರ್ ಹಿಡಿಯುವ ತರಂಗಾಂತರಗಳ) ಅಂತರ ಸುಮಾರು 3 ಪಿಕೊಮೀಟರ್. 20 ಪಿಕೊಮೀಟರ್ ರೆಸಲ್ಯೂಷನ್‌ಗೆ ಅದೆಲ್ಲ ಒಂದೇ ತಗ್ಗು. ಟ್ಯೂನಬಲ್ ಲೇಸರನ್ನು 1 ಪಿಕೊಮೀಟರ್‌ಗಿಂತ ಸಣ್ಣ ಹೆಜ್ಜೆಯಲ್ಲಿ ಓಡಿಸಿ, ಫೋಟೊಡಯೋಡ್‌ನಲ್ಲಿ ನೋಡಿ. ಸುಮಾರು 230 ಪಿಕೊಮೀಟರ್ ಅಗಲದ, ಈ ಮೋಡ್‌ಗಳ ಪಟ್ಟಿ ಸಿಗಬೇಕು. ಪಲ್ಸ್‌ನ ಸ್ಪೆಕ್ಟ್ರಮ್ 35 ಪಿಕೊಮೀಟರ್ ಆಸುಪಾಸು. ಅದನ್ನು ಪಟ್ಟಿಯ ನಡುವೆ ಇಡಿ.

ಮೊದಲು ಪೋಲರೈಸೇಷನ್ ಕಂಟ್ರೋಲರ್ (ಬೆಳಕಿನ ಕಂಪನದ ದಿಕ್ಕು ಬದಲಿಸುವ ಸಾಧನ) ತಿರುಗಿಸಿ ಸೊನ್ನೆಯ ಪಲ್ಸ್ ತಗ್ಗಿಸಿ. ಆಮೇಲೆ ಟೇಪರನ್ನು ಕಡಿದಾದ ಅಂಚಿನ ಬಳಿಯೇ 2–5 ಮೈಕ್ರಾನ್ ಹೆಜ್ಜೆಯಲ್ಲಿ ಸರಿಸಿ. ನೇರ ಬೆಳಕೂ ಅಂಚಿನಿಂದ ಮರಳಿದ್ದೂ ಅಲ್ಲಿ ಕೂಡುತ್ತವೆ. ಅಕ್ಷದ ತರಂಗಾಂತರ ಹತ್ತಿರಹತ್ತಿರ 90 ಮೈಕ್ರಾನ್, ಹಾಗಾಗಿ 10 ಮೈಕ್ರಾನ್ ತಪ್ಪಿದರೂ ಗೊತ್ತಾಗುತ್ತದೆ. ಆಗಲೂ 5.2ರದ್ದು ಉಳಿದರೆ ಟೇಪರ್‌ನ ಇನ್ನೊಂದು ದಪ್ಪದ ಜಾಗವನ್ನು ತಾಗಿಸಿ ನೋಡಿ.

ತೆಳುಟೇಪರ್: 5.2ರದ್ದು ಬಹುತೇಕ ಹೋಯಿತು. ಆದರೆ ಕೋಣೆ ಬಿಸಿಯೇರಿದಂತೆ 2.6ರ ಪಲ್ಸ್ ಹರಡಿ ಮಂಕಾಗುತ್ತದೆ.

ಅಕ್ಷಪಥ: ಸಿಲಿಕಾದಲ್ಲಿ ಡಿಗ್ರಿಗೆ ಸುಮಾರು 10 ಪಿಕೊಮೀಟರ್ ಸರಿತ. ಬಿಸಿಯಾದಂತೆ ಪಟ್ಟಿ ಉದ್ದ ತರಂಗಾಂತರದ ಕಡೆ ಹೋಗುತ್ತದೆ, ಕದಲದ ಲೇಸರ್ ಪಟ್ಟಿಯ ಗಿಡ್ಡ ತರಂಗಾಂತರದ ಅಂಚಿಗೆ ಬೀಳುತ್ತದೆ. ಅಲ್ಲಿ ಬೆಳಕು ಪ್ಯಾರಾಬೋಲದ ತುದಿ ದಾಟಿ ಬರಿಯ ಫೈಬರ್‌ಗೆ ಸೋರುತ್ತದೆ. ಮುಚ್ಚಿದ ಡಬ್ಬಿ, ಜೊತೆಗೆ ತಾಪ ನಿಯಂತ್ರಣ ಇಡಿ. ಅದಾಗದಿದ್ದರೆ ಅಳತೆಗೆ ಮುನ್ನ ಪ್ರತಿ ಸಲ ಪಟ್ಟಿ ಸ್ಕ್ಯಾನ್ ಮಾಡಿ ಲೇಸರನ್ನು ಮತ್ತೆ ನಡುವಿಗೆ ತನ್ನಿ.