ನೀರಿನ ಸಂಪಿಗೆ ಬ್ಲೀಚಿಂಗ್ ಪುಡಿ: ಎಷ್ಟು, ಯಾವಾಗ?

ಪ್ರಶ್ನೆ: ಬೀದಿಯಲ್ಲಿ ಯುಜಿಡಿಗೆ (ಒಳಚರಂಡಿಗೆ) ಅಗೆದಾಗಿನಿಂದ ನಲ್ಲಿ ನೀರು ವಾಸನೆ. ಅಕ್ಕಪಕ್ಕದ ಮನೆಗಳಲ್ಲಿ ವಾಂತಿಭೇದಿ ಶುರುವಾಗಿದೆ. ಸಂಪು 5×5 ಅಡಿ, ನೀರು 4 ಅಡಿ ನಿಲ್ಲುತ್ತೆ. ಎಷ್ಟು ಪುಡಿ ಹಾಕಲಿ? ಆರ್‌ಓ ಇದೆ, ಅದೇ ಸಾಲದಾ?

ಉತ್ತರ (ನೀರು ಸರಬರಾಜು ಎಂಜಿನಿಯರ್): ವಾಸನೆ ನೀರಿಗೆ ಪುಡಿ ಸುರಿದು ಕುಡಿಯೋ ಲೆಕ್ಕಾಚಾರ ಬೇಡ. ಕೊಳೆಯೇ ಕ್ಲೋರಿನ್ ತಿಂದುಹಾಕುತ್ತೆ, ರೋಗಾಣುಗಳಿಗೆ ಏನೂ ಉಳಿಯಲ್ಲ. ನೀರು ಬಿಡದ ಹೊತ್ತಲ್ಲಿ ಪೈಪಿನಲ್ಲಿ ಒತ್ತಡ ಇರಲ್ಲ, ಬಿರುಕುಬಿಟ್ಟ ಜಾಯಿಂಟಿನಿಂದ ಚರಂಡಿ ನೀರು ಒಳಗಿಳಿಯುತ್ತೆ. ಮತ್ತೆ ನೀರು ಬಿಟ್ಟಾಗ ಮೊದಲು ಬರೋದು ಅದೇ. ಇವತ್ತೇ ದೂರು ಕೊಡಿ, ಲೈನ್ ಸರಿಯಾಗೋವರೆಗೆ ಆ ನೀರು ಸಂಪಿಗೆ ಬಿಡಬೇಡಿ.

ಸರಿಯಾದ ಮೇಲೆ ಸಂಪು ಖಾಲಿ ಮಾಡಿ, ಕೆಸರು ತೆಗೆದು ಗೋಡೆ ಉಜ್ಜಿಸಿ. ಒಬ್ಬರೇ ಇಳಿಯಬೇಡಿ. ನಿಮ್ಮ ಸಂಪು ಸುಮಾರು 2,800 ಲೀಟರ್. ತುಂಬಿಸಿ, 25% ಕ್ಲೋರಿನ್ ಇರೋ ಪುಡಿ 560 ಗ್ರಾಂ ಹಾಕಿ. ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರೋವರೆಗೆ ಬಿಟ್ಟು ನಿಲ್ಲಿಸಿ. 12 ಗಂಟೆ ಹಾಗೇ ಇರಲಿ, ಆಮೇಲೆ ಪೂರ್ತಿ ಚೆಲ್ಲಿ. ಗಿಡಕ್ಕೆ ಬೇಡ.

ಮುಂದೆ ಪ್ರತಿ ಸಲ ತುಂಬಿದಾಗ 22 ಗ್ರಾಂ ಸಾಕು. ತೂಕ ಮಾಡಿ, ಚಮಚದ ಅಂದಾಜು ಬೇಡ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ಬಕೆಟ್ ತುಂಬಿಸಿ, ಸುಣ್ಣ ತಳಕ್ಕೆ ಕೂರೋಕೆ 10 ನಿಮಿಷ ಬಿಡಿ. ತಿಳಿ ಮಾತ್ರ ಸಂಪಿಗೆ. ಒಂದು ಗಂಟೆ ಬಿಟ್ಟು ಬಳಸಿ. ಅಡುಗೆಮನೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಟೆಸ್ಟ್ ಕಿಟ್‌ನಲ್ಲಿ ನೋಡಿಕೊಳ್ಳಿ. ಗಂಟುಗಟ್ಟಿದ, ಘಾಟಿಲ್ಲದ ಪುಡಿ ಬರೀ ಸುಣ್ಣ, ಎಸೆಯಿರಿ.

ಪ್ರಶ್ನೆ: ಗೋಡೆಯ ಪಾಚಿಗೆ ಟಾಯ್ಲೆಟ್ ಆಸಿಡ್ ಹಾಕಬಹುದಾ?

ಉತ್ತರ (ಅದೇ ಎಂಜಿನಿಯರ್): ಖಂಡಿತ ಬೇಡ. ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ, ಗುಂಡಿಯೊಳಗೆ ಇಳಿದವರ ಜೀವಕ್ಕೇ ಅಪಾಯ. ಗಟ್ಟಿ ಬ್ರಷ್ ಸಾಕು.

ಉತ್ತರ (ವೈದ್ಯರು): ಮೊದಲ ಪ್ರಶ್ನೆಯ ಆರ್‌ಓ ವಿಷಯಕ್ಕೆ ಬಂದರೆ, ಅದರ ಪೊರೆ ಬ್ಯಾಕ್ಟೀರಿಯಾ ತಡೆಯುತ್ತೆ ನಿಜ, ಆದರೆ ಯಂತ್ರ ಕ್ಲೋರಿನ್ನನ್ನೂ ತೆಗೆದುಬಿಡುತ್ತೆ. ಒಳಗಿನ ಪುಟ್ಟ ಟ್ಯಾಂಕಿಗೆ ಕಾವಲಿಲ್ಲ. ಹಲ್ಲುಜ್ಜೋದು, ಕೊತ್ತಂಬರಿ ತೊಳೆಯೋದು ಹೇಗೂ ನಲ್ಲಿ ನೀರಲ್ಲೇ ಅಲ್ವಾ? ಸದ್ಯಕ್ಕೆ ಟ್ಯಾಂಕರ್ ನೀರಾದರೂ ಕುದಿಸಿ: ಅಂಚಿನ ಗುಳ್ಳೆ ಲೆಕ್ಕಕ್ಕಿಲ್ಲ, ಕೊತಕೊತ ಅಂತ ಒಂದು ನಿಮಿಷ ಕುದಿಯಬೇಕು. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ, ನಲ್ಲಿ ಇರೋ ಕೊಳಗಕ್ಕೆ ಹಾಕಿ. ಲೋಟ ಅದ್ದಿದರೆ ಬೆರಳಿನ ಕೊಳೆ ಮತ್ತೆ ನೀರಿಗೇ. ಯಾರಿಗಾದರೂ ಅಕ್ಕಿ ತೊಳೆದ ನೀರಿನಂತೆ ಭೇದಿಯಾದರೆ ತಕ್ಷಣ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಬೆಳಗಾಗಲಿ ಅಂತ ಕಾಯಬೇಡಿ.