ಚಂದ್ರಯಾನ-3ರ ಕಥೆ ಹೇಳುವ ಜಾಲತಾಣ: ವೈರ್‌ಫ್ರೇಮ್‌ನಲ್ಲಿ ಬಟನ್ ಎಲ್ಲಿರಬೇಕು?

ಪ್ರಶ್ನೆ

ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗಾಗಿ ಚಂದ್ರಯಾನ-3ರ ಕಥೆ ಹೇಳುವ ಕನ್ನಡ ಜಾಲತಾಣವೊಂದರ ವೈರ್‌ಫ್ರೇಮ್‌ಗಳನ್ನು, ಅಂದರೆ ಪುಟದಲ್ಲಿ ಯಾವುದು ಎಲ್ಲಿರಬೇಕೆಂದು ತೋರಿಸುವ ಕರಡು ನಕ್ಷೆಗಳನ್ನು, ಕಾಗದದ ಮೇಲೆ ಬಿಡಿಸುತ್ತಿದ್ದೇನೆ. 2023ರ ಜುಲೈ 14ರಂದು ನೌಕೆ ಶ್ರೀಹರಿಕೋಟಾದಿಂದ ಹೊರಟಾಗಿನಿಂದ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಅದರ ಲ್ಯಾಂಡರ್ (ಚಂದ್ರನ ಮೇಲೆ ಇಳಿಯುವ ಭಾಗ) ವಿಕ್ರಮ್ ನೆಲ ಮುಟ್ಟುವವರೆಗಿನ ನಲವತ್ತು ದಿನಗಳನ್ನು ಒಂದೇ ಉದ್ದನೆಯ ಪುಟದಲ್ಲಿ, ಓದುಗರು ಸ್ಕ್ರಾಲ್ ಮಾಡಿದಂತೆಲ್ಲ ನೌಕೆಯೂ ಮುಂದೆ ಸಾಗುವ ಹಾಗೆ ಹೇಳಬೇಕೆಂದಿದ್ದೇನೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ದೂರವನ್ನು ನಿಜವಾದ ಪ್ರಮಾಣದಲ್ಲಿ ತೋರಿಸಹೊರಟರೆ ಪುಟ ಮುಗಿಯುವುದೇ ಇಲ್ಲ. ಕೊನೆಯ ಹತ್ತೊಂಬತ್ತು ನಿಮಿಷಗಳ ಇಳಿತದಲ್ಲಿ ‘ಎಂಜಿನ್ ಉರಿಸು’, ‘ಜಾಗ ಬದಲಿಸು’ ಎಂಬ ಬಟನ್‌ಗಳನ್ನಿಟ್ಟು, ತಪ್ಪು ಒತ್ತಿದರೆ ನೌಕೆ ಅಪ್ಪಳಿಸುವಂತೆ ಬರೆದಿದ್ದೇನೆ; ಆದರೆ ಅದು ಆಟದಂತೆ ಕಾಣುತ್ತಿದೆಯೇ ಹೊರತು ಕಥೆಯಂತೆ ಕಾಣುತ್ತಿಲ್ಲ. ಅನುಭವವುಳ್ಳವರು ದಾರಿ ತೋರಿಸಬೇಕು.

ಮೊದಲ ಉತ್ತರ

ದೂರದ ಲೆಕ್ಕವನ್ನು ಮೊದಲು ಕಾಗದದ ಮೇಲೆಯೇ ಮಾಡಿ ನೋಡಿ. ಒಂದು ಕಿಲೋಮೀಟರಿಗೆ ಒಂದೇ ಪಿಕ್ಸೆಲ್ ಕೊಟ್ಟರೂ ಚಂದ್ರನವರೆಗೆ ಸರಾಸರಿ 3,84,400 ಪಿಕ್ಸೆಲ್ ಬೇಕು, ಅಂದರೆ 800 ಪಿಕ್ಸೆಲ್ ಎತ್ತರದ ಮೊಬೈಲಿನಲ್ಲಿ ಸುಮಾರು 480 ಪರದೆಗಳು. ಅದೇ ಅಳತೆಯಲ್ಲಿ 30 ಕಿ.ಮೀ. ಎತ್ತರದಿಂದ ನಡೆದ ಇಡೀ ಇಳಿತವು ಓದುಗನ ಹೆಬ್ಬೆರಳಿನ ಅಡಿಯಲ್ಲಿ ಮರೆಯಾಗಿಬಿಡುತ್ತದೆ. ಆದ್ದರಿಂದ ಪಯಣಕ್ಕೊಂದು, ಇಳಿತಕ್ಕೊಂದು ಎಂದು ಎರಡು ಅಳತೆಗಳನ್ನು ಇಟ್ಟುಕೊಂಡು, ಅಳತೆ ಬದಲಾಗುವ ಜಾಗವನ್ನು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸುವುದು ಒಳ್ಳೆಯದು. ಅಲ್ಲದೆ ನೌಕೆ ನೇರ ಗೆರೆಯಲ್ಲಿ ಹೋಗಲೇ ಇಲ್ಲ. ಭೂಮಿಯನ್ನೇ ಸುತ್ತುತ್ತ, ಜುಲೈ 25ರೊಳಗೆ ಐದು ಬಾರಿ ಕಕ್ಷೆಯನ್ನು ಹಿಗ್ಗಿಸಿಕೊಂಡು, ಆಗಸ್ಟ್ 1ರಂದು ಚಂದ್ರನತ್ತ ಹೊರಳಿ, 5ರಂದು ಚಂದ್ರನ ಕಕ್ಷೆಯನ್ನು ಸೇರಿತು. ನಿಮ್ಮ ಮೊದಲ ಚೌಕಟ್ಟುಗಳಲ್ಲಿ ಇರಬೇಕಾದದ್ದು ಉದ್ದ ಗೆರೆಯಲ್ಲ, ಹಿಗ್ಗುತ್ತ ಹೋಗುವ ದೀರ್ಘವೃತ್ತಗಳು.

ಎರಡನೆಯ ಉತ್ತರ

ಬಟನ್ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು: ನಿಯಂತ್ರಣ ಕೇಂದ್ರದಲ್ಲಿದ್ದವರ ಕೈಯಲ್ಲಿ ಯಾವ ಕ್ಷಣದಲ್ಲಿ ಏನೂ ಇರಲಿಲ್ಲವೋ ಆ ಕ್ಷಣದಲ್ಲಿ ಓದುಗರಿಗೂ ಏನನ್ನೂ ಕೊಡಬಾರದು. ಕಕ್ಷೆ ಹಿಗ್ಗಿಸುವ ಆದೇಶಗಳು ಬೆಂಗಳೂರಿನಿಂದಲೇ ಹೋಗುತ್ತಿದ್ದುದರಿಂದ ಆ ಐದು ಕಡೆ ಬಟನ್ ಇರುವುದು ಸರಿಯೇ. ಆದರೆ ಇಳಿತ ಶುರುವಾದ ಮೇಲೆ ವಿಕ್ರಮ್ ತನ್ನದೇ ಸಂವೇದಕಗಳನ್ನು ನಂಬಿ ತಾನೇ ನಿರ್ಧರಿಸುತ್ತಿತ್ತು, ಸೆಕೆಂಡಿಗೆ 1.68 ಕಿ.ಮೀ. ಇದ್ದ ವೇಗವನ್ನು ಮೊದಲ ಹಂತದಲ್ಲೇ ಸುಮಾರು 358 ಮೀಟರಿಗೆ ಇಳಿಸಿಕೊಂಡದ್ದೂ ಅದೇ. ಅಲ್ಲಿ ಎತ್ತರ ಮತ್ತು ವೇಗದ ಎರಡು ಅಂಕಿಗಳನ್ನು ಮಾತ್ರ ದೊಡ್ಡದಾಗಿ ಇಡಿ. ಬಟನ್ ಇದ್ದ ಜಾಗವನ್ನು ಖಾಲಿ ಬಿಡಿ, ಕೈಕಟ್ಟಿ ಕಾಯುವುದು ಎಂದರೇನೆಂದು ಮಗುವಿಗೆ ತಿಳಿಯಲಿ.

ತಪ್ಪು ಒತ್ತಿದರೆ ಅಪ್ಪಳಿಸುವ ಚೌಕಟ್ಟನ್ನಂತೂ ದಯವಿಟ್ಟು ತೆಗೆದುಹಾಕಿ. 2019ರ ಸೆಪ್ಟೆಂಬರ್‌ನಲ್ಲಿ ಹಿಂದಿನ ವಿಕ್ರಮ್, ಅಂದರೆ ಚಂದ್ರಯಾನ-2ರ ಲ್ಯಾಂಡರ್, ಕಳೆದುಹೋದದ್ದು ಯಾರೋ ತಪ್ಪು ಬಟನ್ ಒತ್ತಿದ್ದರಿಂದಲ್ಲ. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕಿದವು, ಸಣ್ಣ ಸಣ್ಣ ದೋಷಗಳು ಒಂದರ ಮೇಲೊಂದು ಕೂಡಿಕೊಂಡವು, ಇಳಿಯಲು ಗೊತ್ತುಮಾಡಿದ ಜಾಗವೂ 500 ಮೀಟರ್ ಉದ್ದಗಲದಷ್ಟೇ ಇತ್ತು. ಚಂದ್ರಯಾನ-3ಕ್ಕೆ ಆ ಜಾಗವನ್ನು ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಆ ಎರಡು ಚೌಕಗಳನ್ನು ಬೆರಳಿನಿಂದ ಎಳೆದು ಒಂದರ ಮೇಲೊಂದು ಇಟ್ಟು ನೋಡುವ ಅವಕಾಶ ಕೊಟ್ಟರೆ, ಸೋಲಿನಿಂದ ಏನು ಕಲಿತರೆಂಬುದು ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ.

ಮೂರನೆಯ ಉತ್ತರ

ಒಂದು ಸಣ್ಣ ಮಾತು. ಪೆಟ್ಟಿಗೆಗಳಲ್ಲಿ ಅಡ್ಡಗೆರೆ ಎಳೆದು ‘ಇಲ್ಲಿ ಪಠ್ಯ’ ಎಂದು ಬಿಡದೆ, ನಿಜವಾದ ಕನ್ನಡ ವಾಕ್ಯವನ್ನೇ ಬರೆದು ನೋಡಿ. ಒತ್ತಕ್ಷರಗಳಿಗೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ‘ಸ್ವಯಂಚಾಲಿತವಾಗಿ’ ಎಂಬಂತಹ ಪದ ಕಿರಿದಾದ ಪರದೆಯ ಅರ್ಧ ಸಾಲನ್ನು ತಾನೊಂದೇ ನುಂಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಳಿತದ ಬಟನ್‌ಗಳನ್ನೆಲ್ಲ ಅಳಿಸಿ, ಐದು ದೀರ್ಘವೃತ್ತಗಳನ್ನು ಹೊಸದಾಗಿ ಬರೆದೆ. ನೆಲ ಮುಟ್ಟಿದ ಮೇಲೆ ಒಂದೇ ಒಂದು ಬಟನ್ ಮರಳಿ ಬರುತ್ತದೆ: ಸೆಪ್ಟೆಂಬರ್ 3ರಂದು ಭೂಮಿಯಿಂದ ಹೋದ ಆದೇಶದಂತೆ ವಿಕ್ರಮ್ ಎಂಜಿನ್ ಉರಿಸಿ, ಸುಮಾರು 40 ಸೆಂ.ಮೀ. ಮೇಲೆದ್ದು, ಪಕ್ಕದಲ್ಲೇ ಸುರಕ್ಷಿತವಾಗಿ ಇಳಿಯಿತಲ್ಲ, ಅದನ್ನು ಮಗುವೇ ಒತ್ತಲಿ.